ಆರು ಕೋಟಿ ಅಗಲ, 384 ಎತ್ತರ: ಮೈನ್‌ಕ್ರಾಫ್ಟ್‌ನ ‘ಅನಂತ’ ಜಗತ್ತಿನ ವಿಮರ್ಶೆ

ಘನಾಕಾರದ ಬ್ಲಾಕ್‌ಗಳನ್ನು ಅಗೆದು ಜೋಡಿಸಿ ಆಡುವ ಮೈನ್‌ಕ್ರಾಫ್ಟ್ ಆಟದ ಬಗ್ಗೆ ಇನ್ನೂ ಹೇಳಲು ಏನು ಉಳಿದಿದೆ ಎಂದು ಕೇಳುವವರಿಗೆ ಮೊದಲೇ ತಿಳಿಸಿಬಿಡುತ್ತೇನೆ: ಇದು ಮನೆ ಕಟ್ಟುವುದರ, ವಜ್ರ ಅಗೆಯುವುದರ ವಿಮರ್ಶೆಯಲ್ಲ. ನಾನು ನೋಡುವುದು ಒಂದನ್ನೇ. ಆಟದ ಜಗತ್ತು ಎಲ್ಲಿ ಮುಗಿಯುತ್ತದೆ, ಮುಗಿಯುವಾಗ ಮರ್ಯಾದೆಯಿಂದ ಮುಗಿಯುತ್ತದೆಯೋ ಇಲ್ಲವೋ. ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಯಾರಾದರೂ ‘ಅನಂತ’ ಎಂದರೆ ‘ಯಾವ ಡಿಸ್ಕ್‌ನಲ್ಲಿ?’ ಎಂದು ಕೇಳುವ ಚಾಳಿ ಅಲ್ಲಿಂದಲೇ ಅಂಟಿಕೊಂಡಿದ್ದು. ಹೊಸ ಸ್ಯಾಂಡ್‌ಬಾಕ್ಸ್ ಆಟ, ಅಂದರೆ ಇಷ್ಟ ಬಂದಂತೆ ಅಲೆದು ಕಟ್ಟುವ ಆಟ, ತೆರೆದ ಕೂಡಲೇ ಉಳಿದವರು ಮರ ಕಡಿಯಲು ಹೋಗುತ್ತಾರೆ. ನಾನು ಒಂದು ದಿಕ್ಕು ಹಿಡಿದು ಹೊರಟುಬಿಡುತ್ತೇನೆ.

ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯಿಂದ ಶುರು ಮಾಡುತ್ತೇನೆ. ಕ್ರಿಯೇಟಿವ್ ಮೋಡ್‌ನಲ್ಲಿ ಟೆಲಿಪೋರ್ಟ್ ಆದೇಶ ಕೊಟ್ಟು ಅಂಚಿನ ಹತ್ತಿರ ಇಳಿದೆ. ಎಫ್3 ಒತ್ತಿ ನಿರ್ದೇಶಾಂಕಗಳನ್ನು ತೆರೆದಿಟ್ಟುಕೊಂಡು ಪೂರ್ವಕ್ಕೆ ನಡೆದೆ. ನೀಲಿ ಪಟ್ಟೆಗಳು ಓರೆಯಾಗಿ ಹರಿಯುವ ಪಾರದರ್ಶಕ ಗೋಡೆ ಎದುರಾಯಿತು. ಅದು ನಿಂತಿರುವುದು ಮಧ್ಯದಿಂದ 2,99,99,984 ಬ್ಲಾಕ್ ದೂರದಲ್ಲಿ. ಮೂರು ಕೋಟಿಗೆ ಸರಿಯಾಗಿ ಒಂದು ಚಂಕ್ (ಆಟ ಜಗತ್ತನ್ನು ಕತ್ತರಿಸಿ ಇಟ್ಟುಕೊಳ್ಳುವ ತುಂಡು), ಅಂದರೆ 16 ಬ್ಲಾಕ್ ಕಡಿಮೆ. ಗೋಡೆಗೆ ಮೈ ಒತ್ತಿ ನಿಂತಾಗ ಪರದೆಯ ಮೇಲಿನ ಎಕ್ಸ್ ಅಂಕಿ 29999983.700. ಆ .700 ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ. ಆಟಗಾರನ ದೇಹದ ಅಗಲ 0.6 ಬ್ಲಾಕ್, ಅದರಲ್ಲಿ ಅರ್ಧ 0.3. ಮೂರು ಕೋಟಿ ಬ್ಲಾಕ್ ದೂರದಲ್ಲೂ ಆಟ ನನ್ನ ಭುಜದ ಅಗಲವನ್ನು ಮರೆತಿಲ್ಲ. ಸ್ಥಾನವನ್ನು 64 ಬಿಟ್‌ನ ಡಬಲ್ ಎಂಬ, ದಶಮಾಂಶವನ್ನು ಬಹಳ ನಿಖರವಾಗಿ ಹಿಡಿಯುವ ಸಂಖ್ಯೆಯಲ್ಲಿ ಇಟ್ಟಿರುವುದರ ಫಲ ಇದು. ಅಷ್ಟು ದೂರದಲ್ಲಿ ಎರಡು ಅಕ್ಕಪಕ್ಕದ ಸ್ಥಾನಗಳ ನಡುವಿನ ಅಂತರ ಒಂದು ಬ್ಲಾಕಿನ 26 ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ಮೂರು ಕೋಟಿ ಎನ್ನುವುದು ಡಬಲ್ ಸಂಖ್ಯೆ ಸೋತು ಒಪ್ಪಿಕೊಂಡ ಗಡಿಯಲ್ಲ. ಯಾರೋ ಕುಳಿತು ‘ಇಷ್ಟು ಸಾಕು’ ಎಂದು ಗೆರೆ ಎಳೆದ ದುಂಡು ಸಂಖ್ಯೆ. ನನಗೆ ಇದು ಒಪ್ಪಿಗೆ.

ನಡೆದೇ ಹೋಗುತ್ತೇನೆ ಎನ್ನುವ ಹಟವಾದಿಗಳಿಗೆ ಲೆಕ್ಕ: ನಡಿಗೆಯ ವೇಗ ಸೆಕೆಂಡಿಗೆ 4.317 ಬ್ಲಾಕ್. ಊಟ ನಿದ್ರೆ ಬಿಟ್ಟು ನಡೆದರೆ 80 ದಿನ. ನೆದರ್ ಎಂಬ ಆಟದ ಪಾತಾಳದ ಮೂಲಕ ಹೋದರೆ ಅಲ್ಲಿನ ಒಂದು ಬ್ಲಾಕ್ ಮೇಲಿನ ಜಗತ್ತಿನ ಎಂಟು ಬ್ಲಾಕಿಗೆ ಸಮವಾದ್ದರಿಂದ 10 ದಿನ, ಲಾವಾ ಸಮುದ್ರಗಳು ದಾರಿ ಬಿಟ್ಟರೆ.

ಈ ಗೋಡೆ ಬರುವ ಮೊದಲು ಇದ್ದದ್ದು ಇನ್ನೂ ಸೊಗಸಾಗಿತ್ತು. ಬೀಟಾ 1.7.3ರವರೆಗಿನ ಆವೃತ್ತಿಗಳಲ್ಲಿ 1,25,50,821ರ ಸುಮಾರಿಗೆ ಫಾರ್ ಲ್ಯಾಂಡ್ಸ್ ಎಂಬ ವಿಚಿತ್ರ ಭೂಮಿ ಶುರುವಾಗುತ್ತಿತ್ತು. ಆಕಾಶದವರೆಗೆ ಎದ್ದ ಗೋಡೆ, ಅದರ ತುಂಬ ಉದ್ದುದ್ದ ಕೊರೆದ ಸುರಂಗಗಳು, ಮೂಲೆಗಳಲ್ಲಿ ಒಂದರ ಮೇಲೊಂದು ಹಾಸಿದ ಪದರಗಳು. ಈ ಅಂಕಿ ಎಲ್ಲಿಂದ ಬಂತು ಎಂದು ನೋಡಿದರೆ ನನ್ನಂಥವರಿಗೆ ರೋಮಾಂಚನ. ಬೆಟ್ಟ ಕಣಿವೆಗಳನ್ನು ಹುಟ್ಟಿಸುವುದು ಪರ್ಲಿನ್ ನಾಯ್ಸ್ ಎಂಬ ಗಣಿತ. ಅದಕ್ಕೆ ಕೊಡುವ ಮೊದಲು ಆಟ ನಿಮ್ಮ ನಿರ್ದೇಶಾಂಕವನ್ನು ಸುಮಾರು 171.103ರಿಂದ ಗುಣಿಸುತ್ತಿತ್ತು. ಗುಣಲಬ್ಧದ ಪೂರ್ಣಾಂಕ ಭಾಗವನ್ನು 32 ಬಿಟ್ ಪೂರ್ಣಾಂಕವಾಗಿ ಇಟ್ಟುಕೊಳ್ಳುತ್ತಿತ್ತು. ಅಂಥ ಪೂರ್ಣಾಂಕ ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ 2,147,483,647. ಅದನ್ನು 171.103ರಿಂದ ಭಾಗಿಸಿ ನೋಡಿ, ಒಂದು ಕೋಟಿ ಇಪ್ಪತ್ತೈದೂವರೆ ಲಕ್ಷದ ಆ ಜಾಗವೇ ಎದುರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದಾಚೆ ಪೂರ್ಣಾಂಕ ಭಾಗ ತನ್ನ ಗರಿಷ್ಠಕ್ಕೇ ಅಂಟಿಕೊಂಡು ನಿಂತುಬಿಡುತ್ತದೆ. ಸೊನ್ನೆ ಮತ್ತು ಒಂದರ ನಡುವೆ ಇರಬೇಕಾದ ಉಳಿಕೆ ಭಾಗ ಲಗಾಮು ಕಿತ್ತ ಹಾಗೆ ಬೆಳೆಯುತ್ತದೆ. ಬೆಟ್ಟ ಬೆಟ್ಟದಂತೆ ಇರುವುದನ್ನು ಮರೆಯುತ್ತದೆ.

2011ರ ಸೆಪ್ಟೆಂಬರ್‌ನಲ್ಲಿ ಬಂದ ಬೀಟಾ 1.8 ಇದನ್ನು ತಿದ್ದಿತು. ತಾಂತ್ರಿಕವಾಗಿ ಸರಿಯಾದ ಕೆಲಸ, ಅನುಮಾನವಿಲ್ಲ. ಆದರೂ ಆಟದ ಇತಿಹಾಸದಲ್ಲಿ ಇದಕ್ಕಿಂತ ದುಃಖದ ದುರಸ್ತಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಅಂಚು ಎಂದರೆ ಹೀಗಿರಬೇಕಿತ್ತು. ಯಾರೂ ವಿನ್ಯಾಸ ಮಾಡದೆ, ಯಂತ್ರದ ಮಿತಿ ತಾನಾಗಿಯೇ ಭೂದೃಶ್ಯವಾಗಿ ಮೂಡಿದ ಜಾಗ. ಕರ್ಟ್ ಜೆ. ಮ್ಯಾಕ್ ಎಂಬ ಆಟಗಾರ 2011ರ ಮಾರ್ಚ್‌ನಲ್ಲಿ ಅಲ್ಲಿಗೆ ಕಾಲ್ನಡಿಗೆ ಶುರು ಮಾಡಿ, ದಾನಕ್ಕೆ ಹಣ ಕೂಡಿಸುತ್ತಾ ವರ್ಷಗಟ್ಟಲೆ ಹಳೆಯ ಆವೃತ್ತಿಯಲ್ಲೇ ನಡೆದಿದ್ದಾರೆ. ಈಗಿನ ನೀಲಿ ಗೋಡೆಗಾಗಿ ಯಾರೂ ಅಷ್ಟು ದೂರ ನಡೆಯಲಾರರು.

ಇನ್ನು ಮೊಬೈಲ್‌, ಕನ್ಸೋಲ್‌ಗಳಲ್ಲಿ ಸಿಗುವ ಬೆಡ್‌ರಾಕ್ ಆವೃತ್ತಿ. ಇಲ್ಲಿ ನನ್ನ ತಾಳ್ಮೆ ಕೆಡುತ್ತದೆ. ಇದು ಸ್ಥಾನವನ್ನು ಇಡುವುದು 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ಡಬಲ್‌ನ ಅರ್ಧ ಗಾತ್ರದ ದಶಮಾಂಶ ಸಂಖ್ಯೆಯಲ್ಲಿ. ಫ್ಲೋಟ್‌ನ ಸ್ವಭಾವ ಗೊತ್ತಿರುವವರಿಗೆ ಮುಂದಿನದು ಊಹಿಸಲು ಕಷ್ಟವಿಲ್ಲ: ಅದರಲ್ಲಿ ನಿಖರತೆಗೆ ಸಿಗುವುದು 24 ಬಿಟ್ ಮಾತ್ರ. ಸಂಖ್ಯೆ ದೊಡ್ಡದಾದಷ್ಟೂ ದಶಮಾಂಶದ ಪಾಲು ಕರಗುತ್ತಾ ಹೋಗುತ್ತದೆ. 1,31,072 ದಾಟಿದರೆ ಅತಿ ಸಣ್ಣ ಹೆಜ್ಜೆ ಬ್ಲಾಕಿನ 64ನೆಯ ಒಂದು ಭಾಗ. 10,48,576 ದಾಟಿದರೆ ಎಂಟನೆಯ ಒಂದು ಭಾಗ. ಆಟ ಸೆಕೆಂಡಿಗೆ 20 ಸಲ ಲೆಕ್ಕ ಮಾಡುತ್ತದೆ. ಒಂದು ಲೆಕ್ಕಕ್ಕೆ ನೀವು ಸರಿಯುವುದು ಸುಮಾರು 0.216 ಬ್ಲಾಕ್. ಎಂಟನೆಯ ಒಂದು ಭಾಗ ಎಂದರೆ 0.125. ಆ ಅಳತೆಗೋಲಿನಲ್ಲಿ 0.216 ಎನ್ನುವ ಗೆರೆಯೇ ಇಲ್ಲ. ಹಾಗಾಗಿ ಪಾತ್ರ ನಡೆಯುವುದಿಲ್ಲ, ತಡವರಿಸುತ್ತದೆ. ಬೇಲಿಯ ಪಕ್ಕದಲ್ಲಿ ಹೋದರೆ ಬೇಲಿ ನಡುಗುತ್ತದೆ. 83,88,608 ದಾಟಿದರೆ ದಶಮಾಂಶವೇ ಇಲ್ಲ, 1,67,77,216 ದಾಟಿದರೆ ಬೆಸ ಸಂಖ್ಯೆಗಳೇ ಇಲ್ಲ! ಅಲ್ಲಿ ನೆಲ ಸೀಳು ಸೀಳಾಗಿ ಕಾಣುವ ಪ್ರದೇಶಕ್ಕೆ ಆಟಗಾರರು ಸ್ಟ್ರೈಪ್ ಲ್ಯಾಂಡ್ಸ್ ಎಂದು ಹೆಸರಿಟ್ಟಿದ್ದಾರೆ. ಜಾವಾದ ಜಗತ್ತು ಒಂದು ಕಡೆ ನಿಲ್ಲುತ್ತದೆ. ಬೆಡ್‌ರಾಕ್‌ನದು ದಾರಿಯುದ್ದಕ್ಕೂ ಸವೆಯುತ್ತದೆ. ಕರ್ಬಲ್ ಸ್ಪೇಸ್ ಪ್ರೋಗ್ರಾಂ ಆಟದವರು ಇದೇ ಕಾಯಿಲೆಗೆ, ನೌಕೆ ಚಲಿಸಿದಂತೆಲ್ಲ ಸೊನ್ನೆಯ ಬಿಂದುವನ್ನೇ ಅದರ ಜೊತೆ ಎಳೆದುಕೊಂಡು ಹೋಗುವ ಔಷಧಿ ಕಂಡುಕೊಂಡರು. ಮದ್ದು ಇಲ್ಲದ ರೋಗವೇನೂ ಅಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಮನೆಯ ಸುತ್ತ ಹತ್ತಿಪ್ಪತ್ತು ಸಾವಿರ ಬ್ಲಾಕ್ ಒಳಗೆ ಆಡುವ ಯಾರಿಗೂ ಇದು ಯಾವತ್ತೂ ಕಾಣುವುದಿಲ್ಲ. ಹಳೆಯ ಎಕ್ಸ್‌ಬಾಕ್ಸ್ 360, ಪ್ಲೇಸ್ಟೇಷನ್ 3ರಲ್ಲಿ ಜಗತ್ತೇ 864 ಬೈ 864 ಬ್ಲಾಕ್ ಇತ್ತು. ಅದರಲ್ಲೂ ಮಕ್ಕಳು ಸಂತೋಷವಾಗಿಯೇ ಬೆಳೆದರು.

ಅಗಲದ ಮಾತು ಸಾಕು. ಈ ಆಟದ ನಿಜವಾದ ಮಿತಿ ಎತ್ತರದಲ್ಲಿದೆ. ಅದನ್ನು ಯಾರೂ ಜಾಹೀರಾತಿನಲ್ಲಿ ಹಾಕುವುದಿಲ್ಲ. ಮೊದಲು 128 ಬ್ಲಾಕ್ ಇತ್ತು. 2012ರಲ್ಲಿ 1.2 ಆವೃತ್ತಿ ಬಂದಾಗ 256 ಆಯಿತು. 2021ರ ನವೆಂಬರ್‌ನ 1.18ರಲ್ಲಿ ಕೆಳಗೆ -64ರಿಂದ ಮೇಲೆ 320ರವರೆಗೆ, ಒಟ್ಟು 384. ಜಗತ್ತಿನ ಅಗಲ ಅದರ ಎತ್ತರದ 1,56,250 ಪಟ್ಟು. ಬರೆಯುವ ಕಾಗದದ ದಪ್ಪ 0.1 ಮಿಲಿಮೀಟರ್ ಎಂದು ಹಿಡಿದರೆ, ಅದೇ ಅನುಪಾತದಲ್ಲಿ ಹಾಳೆಯ ಅಗಲ 15 ಮೀಟರಿಗೂ ಹೆಚ್ಚಾಗುತ್ತದೆ. ನಾವು ಆಡುತ್ತಿರುವುದು ಅಂಥ ಹಾಳೆಯೊಳಗೆ.

ಕಾರಣ ಸರಳ. ಅಗಲ ಬಿಟ್ಟಿ, ಎತ್ತರಕ್ಕೆ ಕಾಸು. ನೀವು ಹೋಗದ ಚಂಕ್ ಎಲ್ಲೂ ಇಲ್ಲ. ಅದು ಸೀಡ್ ಎಂಬ ಒಂದು ಸಂಖ್ಯೆಯೊಳಗೆ ಅಡಗಿರುವ ಸಾಧ್ಯತೆ ಮಾತ್ರ. ಆದರೆ ಹೋದ ಚಂಕ್ ತಳದಿಂದ ತುದಿಯವರೆಗೆ ಇಡಿಯಾಗಿ ಬರುತ್ತದೆ: 16 ಬೈ 16 ಬೈ 384, ಅಂದರೆ 98,304 ಬ್ಲಾಕ್. ನೋಟದ ದೂರ 12 ಚಂಕ್ ಇಟ್ಟರೆ ನಿಮ್ಮ ಸುತ್ತ 625 ಚಂಕ್, ಆರು ಕೋಟಿಗೂ ಹೆಚ್ಚು ಬ್ಲಾಕ್‌ಗಳಿಗೆ ಜಾಗ. ಬರೀ ಗಾಳಿ ತುಂಬಿದ ಭಾಗಗಳನ್ನು ಆಟ ಅಗ್ಗವಾಗಿ ಇಡುತ್ತದೆ, ನಿಜ. ಆದರೂ ಎತ್ತರಕ್ಕೆ ಸೇರಿಸಿದ ಒಂದೊಂದು ಪದರದ ಬೆಲೆಯನ್ನು ಪ್ರತಿ ಆಟಗಾರನೂ ಪ್ರತಿ ಕ್ಷಣವೂ ಕಟ್ಟುತ್ತಿರಬೇಕು. ಒಂಬತ್ತು ವರ್ಷಕ್ಕೂ ಮಿಕ್ಕಿ ಕಾದು ನಮಗೆ ಸಿಕ್ಕಿದ್ದು 128 ಬ್ಲಾಕ್ ಏಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಡಿಸ್ಕ್‌ಗೆ ಬರೋಣ. ಜಾವಾ ಆವೃತ್ತಿ 32 ಬೈ 32 ಚಂಕ್‌ಗಳನ್ನು ಒಂದು ರೀಜನ್ ಫೈಲ್‌ಗೆ ತುಂಬುತ್ತದೆ. ಫೈಲಿನೊಳಗೆ ಜಾಗ ಹಂಚುವುದು 4 ಕಿಲೋಬೈಟ್‌ನ ತುಂಡುಗಳಲ್ಲಿ. ಎಷ್ಟೇ ಬಡ ಚಂಕ್ ಆದರೂ ಒಂದು ತುಂಡು ಅದಕ್ಕೆ ಬೇಕೇ ಬೇಕು. ಆರು ಕೋಟಿ ಬೈ ಆರು ಕೋಟಿ ಜಗತ್ತನ್ನು ಪೂರ್ತಿ ತೆರೆದರೆ, ಈ ಕನಿಷ್ಠ ಲೆಕ್ಕದಲ್ಲೇ 57 ಪೆಟಾಬೈಟ್ ದಾಟುತ್ತದೆ. ಒಂದು ಟೆರಾಬೈಟ್‌ನ ಡಿಸ್ಕ್‌ಗಳಾದರೆ ಐವತ್ತೇಳು ಸಾವಿರಕ್ಕೂ ಹೆಚ್ಚು. ಸಂಖ್ಯೆಗಳ ಗಡಿ ಮೂರು ಕೋಟಿಯಲ್ಲಿದ್ದರೆ, ಡಿಸ್ಕ್‌ನ ಗಡಿ ನಿಮ್ಮ ಮನೆಯಿಂದ ಕೂಗಳತೆಯಲ್ಲಿದೆ.

ಇದನ್ನು ಗೆಳೆಯರ ಗುಂಪಿಗಾಗಿ ಬಾಡಿಗೆಗೆ ಹಿಡಿದ ಒಂದು ಸರ್ವರ್ ಸೇವೆ ನನಗೆ ಚೆನ್ನಾಗಿ ಕಲಿಸಿತು. ಅವರ ಪುಟದಲ್ಲಿ ದೊಡ್ಡಕ್ಷರದಲ್ಲಿ ‘ಮಿತಿಯಿಲ್ಲದ ಜಗತ್ತು’. ಡಿಸ್ಕ್ ಎಷ್ಟು ಎಂಬುದು ಒಪ್ಪಂದದ ಹೊಟ್ಟೆಯೊಳಗೆ ಎಲ್ಲೋ. ಗುಂಪಿನವರಿಗೆ ಎಲಿಟ್ರಾ ರೆಕ್ಕೆಗಳು ಸಿಕ್ಕಿದ್ದೇ ತಡ, ಎಲ್ಲರೂ ಒಂದೊಂದು ದಿಕ್ಕಿಗೆ ಹಾರಿದರು. ನೋಟದ ದೂರ 10 ಇದ್ದರೆ ಹಾರುವವನು ತನ್ನ ಹಿಂದೆ 21 ಚಂಕ್ ಅಗಲದ ಪಟ್ಟೆಯನ್ನು ಹುಟ್ಟಿಸುತ್ತಾ ಹೋಗುತ್ತಾನೆ. ಹತ್ತು ಸಾವಿರ ಬ್ಲಾಕ್ ಹಾರಿದರೆ 13,125 ಚಂಕ್, ಕನಿಷ್ಠ 50 ಮೆಗಾಬೈಟ್, ವಾಸ್ತವದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಅದರಲ್ಲಿ ಯಾರೂ ಕಾಲಿಟ್ಟಿಲ್ಲ, ಒಂದು ದೀಪ ಹಚ್ಚಿಲ್ಲ. ಡಿಸ್ಕ್ ತುಂಬಿ ಸೇವ್ ನಿಂತಾಗ ದೂರು ಕೊಟ್ಟೆ. ಮೇಲಿನ ದರ್ಜೆಯ ಯೋಜನೆ ಕೊಳ್ಳಿ ಎಂಬ ಉತ್ತರ ಬಂತು. ಕೊಳ್ಳಲಿಲ್ಲ. ಪ್ರತಿ ಚಂಕ್‌ನಲ್ಲೂ ಆಟಗಾರರು ಎಷ್ಟು ಹೊತ್ತು ಕಳೆದರು ಎಂಬ ದಾಖಲೆ ಇರುತ್ತದೆ, ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದ ಲೆಕ್ಕದಲ್ಲಿ. ಎಂಸಿಎ ಸೆಲೆಕ್ಟರ್ ಎಂಬ ಉಚಿತ ಉಪಕರಣದಲ್ಲಿ ಆ ಅಂಕಿ ಕಡಿಮೆಯಿದ್ದ ಚಂಕ್‌ಗಳನ್ನೆಲ್ಲ ಆರಿಸಿ ಅಳಿಸಿದೆ. ಸೀಡ್ ಹಾಗೇ ಇದೆಯಲ್ಲ, ಮತ್ತೆ ಯಾರಾದರೂ ಹೋದರೆ ಅದೇ ಬೆಟ್ಟ ಅದೇ ನದಿ ಮತ್ತೆ ಹುಟ್ಟುತ್ತವೆ. ನಡುವೆ ಆವೃತ್ತಿ ಬದಲಾಗಿದ್ದರೆ ಮಾತ್ರ ಹಳೆಯ ನೆಲಕ್ಕೂ ಹೊಸ ನೆಲಕ್ಕೂ ಹೊಂದದೆ ಹೋಗಬಹುದು.

ಬೇರೆ ಆಟಗಳ ಜೊತೆ ಹೋಲಿಸದೆ ವಿಮರ್ಶೆ ಮುಗಿಸಲಾಗದು. ಉಚಿತವಾಗಿ ಸಿಗುವ ಲುವಾಂಟಿ, ಅಂದರೆ ಹಿಂದಿನ ಮೈನ್‌ಟೆಸ್ಟ್, ನಿರ್ದೇಶಾಂಕವನ್ನು 16 ಬಿಟ್‌ನಲ್ಲಿ ಇಡುತ್ತದೆ. ಹಾಗಾಗಿ ಮಧ್ಯದಿಂದ ಯಾವ ದಿಕ್ಕಿಗೆ ಹೋದರೂ ಸುಮಾರು 31,000ಕ್ಕೆ ಜಗತ್ತು ಮುಗಿಯುತ್ತದೆ. ಯಾವ ದಿಕ್ಕಿಗೆ ಹೋದರೂ ಎಂದರೆ ಮೇಲೂ ಕೆಳಗೂ ಸೇರಿ. ಮೈನ್‌ಕ್ರಾಫ್ಟ್‌ನ ಹಾಳೆ ನೋಡಿ ಬೇಸತ್ತವರು ಒಮ್ಮೆ ಇಲ್ಲಿ ನೇರ ಕೆಳಕ್ಕೆ ಅಗೆದು ನೋಡಬೇಕು. ಫ್ಯಾಕ್ಟೋರಿಯೋ 20 ಲಕ್ಷ ಬೈ 20 ಲಕ್ಷ ಟೈಲ್. ಅದು ಫ್ಲೋಟ್‌ನ ಗೊಡವೆಗೇ ಹೋಗದೆ ಟೈಲಿನ 256ನೆಯ ಒಂದು ಭಾಗವನ್ನು ಅಳತೆಯಾಗಿ ಹಿಡಿದಿರುವುದರಿಂದ ಕಾರ್ಖಾನೆ ಮಧ್ಯದಲ್ಲಿದ್ದರೂ ಅಂಚಿನಲ್ಲಿದ್ದರೂ ಒಂದೇ ನಿಖರತೆ.

ಟೆರೇರಿಯಾದ ಹತ್ತಿರ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಅಲ್ಲಿನ ದೊಡ್ಡ ಜಗತ್ತು ಎಂದರೆ 8,400 ಬೈ 2,400 ಟೈಲ್, ಅಷ್ಟೇ. ಎರಡೂ ತುದಿಯಲ್ಲಿ ಸಮುದ್ರ. ಮೈನ್‌ಕ್ರಾಫ್ಟ್‌ನ ಅಗಲದ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಆ ಆಟದಲ್ಲಿ ಡ್ರಯಾಡ್ ಎಂಬ ಪಾತ್ರವೊಂದಿದೆ. ಅವಳನ್ನು ಕೇಳಿದರೆ ನಿಮ್ಮ ಜಗತ್ತಿನ ಶೇಕಡಾ ಎಷ್ಟು ಭಾಗಕ್ಕೆ ಕೊಳೆ ಹಬ್ಬಿದೆ ಎಂದು ಹೇಳುತ್ತಾಳೆ. ಶೇಕಡಾ! ಮೈನ್‌ಕ್ರಾಫ್ಟ್‌ನಲ್ಲಿ ಈ ಪ್ರಶ್ನೆ ಕೇಳಲಿಕ್ಕೂ ಆಗದು, ಭಾಗಿಸಲು ಛೇದವೇ ಇಲ್ಲ. ಟೆರೇರಿಯಾದಲ್ಲಿ ಕೊಳೆ ಹಬ್ಬುವುದಕ್ಕೆ ಅರ್ಥವಿದೆ, ನೀವು ಅದನ್ನು ತಡೆಯಲು ಅಗೆದ ಕಂದಕಕ್ಕೂ ಅರ್ಥವಿದೆ, ಏಕೆಂದರೆ ಓಡಿಹೋಗಲು ಬೇರೆ ಜಾಗವಿಲ್ಲ. ಮಿತಿಯನ್ನು ಒಪ್ಪಿಕೊಂಡು ಅದರಿಂದಲೇ ಆಟ ಕಟ್ಟಿದವರು ಇವರು. ಮೈನ್‌ಕ್ರಾಫ್ಟ್‌ನಲ್ಲಿ ಹಳ್ಳಿ ಹಾಳಾದರೆ ಮುಂದೆ ಹೋಗಿ ಇನ್ನೊಂದು ಹುಡುಕಿಕೊಳ್ಳಬಹುದು, ಎಷ್ಟು ಸಲ ಬೇಕಾದರೂ.

ಅಂಕ ಕೊಡಲೇಬೇಕಾದರೆ: ಜಾವಾ ಆವೃತ್ತಿಗೆ ಐದಕ್ಕೆ ನಾಲ್ಕು, ಎತ್ತರಕ್ಕಾಗಿ ಒಂದು ಕಡಿತ. ಬೆಡ್‌ರಾಕ್‌ಗೆ ಎರಡೂವರೆ. ದೂರ ನಡೆಯುವ ಹುಚ್ಚು ಇರುವವರು ಕಂಪ್ಯೂಟರಿನಲ್ಲಿ ಜಾವಾ ತೆಗೆದುಕೊಳ್ಳಿ, ಫೋನಿನಲ್ಲಿ ಆಡುವವರು ಹತ್ತು ಲಕ್ಷದ ಈಚೆಗೇ ಉಳಿಯಿರಿ. ಗೆಳೆಯರಿಗಾಗಿ ಸರ್ವರ್ ನಡೆಸುವವರು ಮೊದಲ ದಿನವೇ, ಯಾರಿಗೂ ರೆಕ್ಕೆ ಸಿಗುವ ಮೊದಲೇ, ವರ್ಲ್ಡ್‌ಬಾರ್ಡರ್ ಆದೇಶದಿಂದ ಗಡಿ ಹಾಕಿಬಿಡಿ. ಅದಕ್ಕೆ ಕೊಡಬೇಕಾದ ಸಂಖ್ಯೆ ಪೂರ್ತಿ ಅಗಲ, ಮಧ್ಯದಿಂದ ಅಂಚಿನ ದೂರವಲ್ಲ. 20,000 ಎಂದು ಕೊಟ್ಟರೆ ಪ್ರತಿ ದಿಕ್ಕಿಗೆ ಸಿಗುವುದು ಹತ್ತು ಸಾವಿರ. ಸಾಲದೆ ಹೋದರೆ ಆಮೇಲೆ ಹಿಗ್ಗಿಸಲು ಒಂದು ಸಾಲು ಸಾಕು.