ಹುಳು ಮನೇಲಿ ಮೊಬೈಲೋ ಮಿರರ್‌ಲೆಸ್ಸೋ? ಎರಡರಲ್ಲೂ ತೆಗೆದು ನೋಡಿದೆ

ನಮ್ಮಜ್ಜಿ ರೇಷ್ಮೆ ಹುಳ ಮೇಯಿಸೋದನ್ನ ಒಂದು ಹತ್ತು ನಿಮಿಷದ ಕಿರುಚಿತ್ರ ಮಾಡ್ಬೇಕು ಅಂತ ಎರಡು ವರ್ಷದಿಂದ ಆಸೆ ಇತ್ತು. ಶಿಡ್ಲಘಟ್ಟದ ಪಕ್ಕ ನಮ್ಮೂರು, ಈ ಸಲ ಹುಳ ನಾಲ್ಕನೇ ಜ್ವರ (ಪೊರೆ ಬಿಡೋ ನಿದ್ದೆ) ಎದ್ದ ಮೇಲೆ ಶುರು ಮಾಡ್ದೆ. ಮೊದಲ್ನೇ ದಿನ ನನ್ನ ಮೊಬೈಲು, ಎರಡ್ನೇ ದಿನ ಬೆಂಗಳೂರಿಂದ ಬಾಡಿಗೆಗೆ ತಂದ, ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಾಯಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾ, 35 ಎಂಎಂ ಲೆನ್ಸು. ಅದೇ ಹುಳು ಮನೆ, ಅದೇ ಟ್ಯೂಬ್‌ಲೈಟು.

ಮೊಬೈಲಲ್ಲಿ ಮೊದಲ ತೊಂದ್ರೆ ಆ ಟ್ಯೂಬ್‌ಲೈಟಿಂದೇ. ನಮ್ಮ ಕರೆಂಟು 50 ಹರ್ಟ್ಜ್, ಅಂದ್ರೆ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತೆ, ಆಟೋ ಮೋಡಲ್ಲಿ ಬಿಟ್ರೆ ಮೊಬೈಲು ಯಾವ್ದೋ ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳೋ ಹೊತ್ತು) ಇಟ್ಕೊಂಡು ಚಿತ್ರದ ಮೇಲೆ ಪಟ್ಟೆ ಪಟ್ಟೆ ಓಡುತ್ತೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಫ್ರೀ ಸಿಗುತ್ತೆ, ಅದ್ರಲ್ಲಿ ಸೆಕೆಂಡಿಗೆ 24 ಫ್ರೇಮು, ಶಟರ್ 1/50 ಸೆಕೆಂಡು ಅಂತ ಲಾಕ್ ಮಾಡಿದ್ಮೇಲೆ ಪಟ್ಟೆ ಹೋಯ್ತು. ಆದ್ರೆ ಹೋಗದೇ ಇದ್ದಿದ್ದು ಇನ್ನೊಂದು. ಬೆಳಕು ಕಮ್ಮಿ ಇದ್ದಾಗ ಮೊಬೈಲಿನ ಪುಟ್ಟ ಸೆನ್ಸಾರು ಕಾಳು ಕಾಳಾಗಿ ಚಿತ್ರ ಕೊಡುತ್ತೆ, ಅದನ್ನ ಅದೇ ಒರೆಸಿ ನುಣ್ಣಗೆ ಮಾಡುತ್ತೆ, ಆ ಒರೆಸೋದ್ರಲ್ಲಿ ಅಜ್ಜಿ ಕೆನ್ನೆ ಮೇಲಿನ ಸುಕ್ಕೆಲ್ಲಾ ಮಾಯ. ಅಜ್ಜಿಗೆ ತೋರಿಸ್ದೆ. "ಇದೇನೋ, ನನ್ನ ಮುಖಾನ ಮದುವೆ ಆಲ್ಬಮ್ಮಿನ ಥರ ಮಾಡಿದೀಯ" ಅಂದ್ರು. ನಲವತ್ತು ವರ್ಷ ಹಿಪ್ಪುನೇರಳೆ ಸೊಪ್ಪು ಕೊಯ್ದ ಮುಖ ಅದು, ಅದು ಕಾಣದೇ ಇದ್ರೆ ನಂಗೆ ಈ ಸಿನಿಮಾನೇ ಬೇಡ.

ಮಿರರ್‌ಲೆಸ್‌ನಲ್ಲಿ ಅದೇ ಮೂಲೇಲಿ ಅದೇ ಅಜ್ಜಿ ಕೂತ್ರು, ಸುಕ್ಕು, ಬೆರಳಿಗೆ ಹತ್ತಿದ ಸೊಪ್ಪಿನ ಕರೆ, ಎಲೆ ಅಂಚು ಕಚ್ತಾ ಇರೋ ಹುಳದ ತಲೆ, ಎಲ್ಲಾ ಬಂತು. 10 ಬಿಟ್‌ನಲ್ಲಿ ತೆಗೆದಿದ್ರಿಂದ ಒಂದೊಂದು ಬಣ್ಣಕ್ಕೂ 1024 ಮೆಟ್ಟಿಲು ಸಿಗುತ್ತೆ, 8 ಬಿಟ್‌ನಲ್ಲಿ ಬರೀ 256, ಆಮೇಲೆ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಕತ್ತಲೆ ಭಾಗ ಎತ್ತಿದ್ರೂ ಗೋಡೆಯ ಬಣ್ಣ ಪಟ್ಟೆ ಪಟ್ಟೆಯಾಗಿ ಒಡೆದು ಕಾಣ್ಲಿಲ್ಲ. ಫೋಕಸ್ ಮಾತ್ರ ಪ್ರಾಣ ತಿಂತು, ಲೆನ್ಸನ್ನ ಪೂರ್ತಿ ತೆರೆದಿಟ್ರೆ ಅಜ್ಜಿ ಸ್ವಲ್ಪ ಮುಂದಕ್ಕೆ ಬಾಗಿದ್ರೂ ಕಣ್ಣು ಮಬ್ಬು.

ರೇಷ್ಮೆ ಗೂಡು ಮಾರ್ಕೆಟ್‌ನಲ್ಲಿ ಕಥೆ ಪೂರ್ತಿ ಉಲ್ಟಾ. ಕ್ಯಾಮೆರಾ ಎತ್ತಿದ ತಕ್ಷಣ "ಯಾವ ಚಾನೆಲ್ ಸಾರ್?" ಅಂತ ನಾಲ್ಕು ಜನ ಸುತ್ಕೊಂಡ್ರು, ಗೂಡಿಂದ ನೂಲು ತೆಗೆಯೋ ರೀಲರ್‌ಗಳು ಗೂಡು ಕೈಲಿ ಹಿಡ್ಕೊಂಡು ಲೆನ್ಸ್ ನೋಡ್ತಾ ನಿಂತ್ಬಿಟ್ರು. ಮೊಬೈಲ್ ಎಲ್ಲರ ಕೈಲೂ ಇರುತ್ತಲ್ಲ, ಅದ್ರಲ್ಲಿ ತೆಗೆದ್ರೆ ಯಾರೂ ತಿರುಗಿ ನೋಡಲ್ಲ, ಗೂಡು ಅಲ್ಲಾಡಿಸಿ ಕಿವಿ ಹತ್ರ ಹಿಡಿಯೋ ಆ ಒಂದು ಗಳಿಗೆ ನಂಗೆ ಮೊಬೈಲಲ್ಲೇ ಸಿಕ್ಕಿದ್ದು.

ಎರಡು ದಿನಕ್ಕೆ ಮೂರು ಗಂಟೆ ಫುಟೇಜ್ ಆಯ್ತು. ಫಿಲ್ಮಿನ ಕಾಲದಲ್ಲಿ 35 ಎಂಎಂ ಅಗಲದ ಸಾವಿರ ಅಡಿ ರೋಲು ಓಡೋದು ಸುಮಾರು 11 ನಿಮಿಷ, ಅಂದ್ರೆ ನಂಗೆ ಹದಿನೇಳು ರೋಲು ಬೇಕಿತ್ತು, ಆಮೇಲೆ ಲ್ಯಾಬಿನ ಖರ್ಚು ಬೇರೆ. ನಮ್ಮಂಥವರು ಈ ಅಜ್ಜಿ ಕಥೆನ ಯೋಚ್ನೆ ಕೂಡ ಮಾಡ್ತಿರ್ಲಿಲ್ಲ. ಆದ್ರೆ ಸೊಪ್ಪು ಹಾಕೋ ಒಂದೇ ಶಾಟ್‌ಗೆ ಹದಿನಾಲ್ಕು ಟೇಕ್ ತಗೊಂಡು, ಎಡಿಟಿಂಗ್‌ಗೆ ಕೂತಾಗ ಯಾವ್ದು ಇಟ್ಕೋಬೇಕು ಅಂತ ಮೂರು ರಾತ್ರಿ ಒದ್ದಾಡಿದ್ದೂ ರೋಲಿನ ಖರ್ಚು ಇಲ್ಲ ಅನ್ನೋದ್ರಿಂದಾನೇ.

ಸೌಂಡ್‌ಗೆ ಎರಡೂ ಆಗ್ಲಿಲ್ಲ. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ತಿನ್ನೋ ಸದ್ದು ಸೋನೆ ಮಳೆ ಥರ ಇರುತ್ತೆ, ಮೊಬೈಲು ಅದನ್ನ ತಾನೇ ಏರಿಸಿ ಇಳಿಸಿ ಹಾಳು ಮಾಡ್ತು, ಕ್ಯಾಮೆರಾ ಮೈಕಲ್ಲಿ ಲೆನ್ಸಿನ ಮೋಟಾರ್ ಸದ್ದೇ ಜಾಸ್ತಿ. ಕೊನೆಗೆ ಸ್ನೇಹಿತರ ಹತ್ರ ಸಣ್ಣ ರೆಕಾರ್ಡರ್ ಇಸ್ಕೊಂಡು ಹುಳದ ತಟ್ಟೆ ಅಂಚಲ್ಲಿಟ್ಟೆ, ಅದೇ ಸದ್ದು ಈಗ ಪೂರ್ತಿ ಚಿತ್ರದ ಕೆಳಗೆ ಹರೀತಿದೆ.

ಹಣ್ಣಾದ, ಅಂದ್ರೆ ಗೂಡು ಕಟ್ಟೋಕೆ ತಯಾರಾದ ಹುಳನ ಚಂದ್ರಿಕೆಗೆ (ಹುಳ ಗೂಡು ಕಟ್ಟೋ ತಟ್ಟೆಗೆ) ಬಿಡೋದು ಇನ್ನೂ ತೆಗೆದಿಲ್ಲ. ಮುಂದಿನ ಬೆಳೆಗೆ ಅಜ್ಜಿ ಮುಖಕ್ಕೆ ಒಂದೇ ದಿನ ಮಿರರ್‌ಲೆಸ್ ತರ್ತೀನಿ, ಮಾರ್ಕೆಟ್ಟಿಗೆ ಮೊಬೈಲೇ ಸಾಕು, ರೆಕಾರ್ಡರ್ ಮಾತ್ರ ಸ್ವಂತದ್ದು ತಗೋತೀನಿ.