ಎಂಜಿನ್ ಬದಲಿಸಿದ ಹಳೇ ಜೀಪ್ ತಗೊಳ್ಳೋ ಮುಂಚೆ ಮೀಟರ್ ಹಿಂದಿನ ವೈರ್ ನೋಡಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ತೋಟಕ್ಕೆ ಅಂತ ಹಳೇ ಜೀಪ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ "ಎಂಜಿನ್ ಚೇಂಜ್ ಆಗಿದೆ, ಡಿಐ ಕೂರಿಸಿದ್ದೀವಿ, ಬೆಣ್ಣೆ ತರ ಓಡುತ್ತೆ" (ಡಿಐ ಅಂದರೆ ಡೀಸೆಲ್ ನೇರವಾಗಿ ಸಿಲಿಂಡರ್ ಒಳಗೆ ಚಿಮ್ಮುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್) ಅಂತ ಯಾರಾದರೂ ಹೇಳಿದರೆ ಎಂಜಿನ್ ಸದ್ದು ಕೇಳಿ ದುಡ್ಡು ಕೊಡಬೇಡಿ. ಎಂಜಿನ್ ನಿಜವಾಗಿಯೂ ಚೆನ್ನಾಗಿರಬಹುದು. ಆದರೆ ಅದು ಹೇಗಿದೆ ಅಂತ ನಿಮಗೆ ಹೇಳಬೇಕಾದ ಮೀಟರ್‌ಗಳು ಸುಳ್ಳು ಹೇಳುತ್ತಿದ್ದರೆ ಆ ಎಂಜಿನ್ ಜಾಸ್ತಿ ದಿನ ಉಳಿಯಲ್ಲ.

ನಾವು ತಗೊಂಡದ್ದು ಮಹೀಂದ್ರಾ ಎಂಎಂ 540. ಅದಕ್ಕೆ ಕಂಪನಿಯಿಂದ ಬರುತ್ತಿದ್ದದ್ದು 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್. ಅದನ್ನು ಇಳಿಸಿ ಬೊಲೆರೊದ 2523 ಸಿಸಿ ಡಿಐ ಎಂಜಿನ್ ಕೂರಿಸಿದ್ದರು. ನಮ್ಮ ಕಡೆ ಇದು ಹೊಸದೇನಲ್ಲ. ಹಳೇ ಎಂಜಿನ್‌ಗೆ ಪಾರ್ಟ್ಸ್ ಹುಡುಕಿ ಸಾಕಾಗುತ್ತದೆ, ಡಿಐ ಕೆಲಸ ಎಲ್ಲಾ ಮೆಕ್ಯಾನಿಕ್‌ಗಳಿಗೂ ಗೊತ್ತು, ಗೊಬ್ಬರದ ಮೂಟೆ ಹೇರಿದರೂ ಎಳೆಯುತ್ತದೆ. ಕೂರಿಸಿದವರು ಮೌಂಟಿಂಗ್, ಗೇರ್‌ಬಾಕ್ಸ್ ಕೆಲಸ ಅಚ್ಚುಕಟ್ಟಾಗೇ ಮಾಡಿದ್ದರು. ನೋಡಲು ಹೋದ ದಿನ ಕೀ ತಿರುಗಿಸಿದರೆ ಕೆಂಪು ದೀಪಗಳು ಹತ್ತಿದವು, ಸ್ಟಾರ್ಟ್ ಮಾಡಿದರೆ ಆರಿದವು, ಟೆಂಪರೇಚರ್ ಮುಳ್ಳು ನಿಧಾನಕ್ಕೆ ಮೇಲೆದ್ದು ಮಧ್ಯದಲ್ಲಿ ನಿಂತಿತು. ಮಾರಿದವರು "ಎಲ್ಲಾ ಮೀಟರ್ ವರ್ಕಿಂಗ್ ಸಾರ್, ನೀವೇ ನೋಡಿ" ಅಂದರು. ಅವರು ತೋರಿಸಿದ್ದು ಹಾಗೇ ಇತ್ತು.

ಆ ಮುಳ್ಳು ಮಧ್ಯದಲ್ಲೇ ಇದ್ದಾಗ ಚಾರ್ಮಾಡಿ ಘಾಟಿಯಲ್ಲಿ ಬಾನೆಟ್‌ನಿಂದ ಹಬೆ ಬಂತು. ಬೆಳ್ತಂಗಡಿಯಿಂದ ಸಾಮಾನು ಹೇರಿಕೊಂಡು ಹತ್ತುತ್ತಿದ್ದೆವು, ಕೊಟ್ಟಿಗೆಹಾರ ಇನ್ನೂ ಮೇಲಿತ್ತು. ಮೊದಲು ಎಳೆತ ಕಡಿಮೆಯಾಯ್ತು, ಆಮೇಲೆ ಸಿಹಿ ಸಿಹಿ ಕೂಲೆಂಟ್ ವಾಸನೆ, ಆಮೇಲೆ ಗಾಜಿನ ಮೇಲೆಲ್ಲಾ ಹಬೆ. ಗಾಡಿ ನಿಲ್ಲಿಸಿ ಮತ್ತೆ ಮೀಟರ್ ನೋಡಿದೆ. ಮುಳ್ಳು ಅಲ್ಲೇ, ಮಧ್ಯದಲ್ಲಿ. ಎಂಜಿನ್ ಬ್ಲಾಕ್‌ಗೂ ಹೆಡ್‌ಗೂ ಮಧ್ಯೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿತ್ತು.

ಕಾರಣ ಆಮೇಲೆ ಗೊತ್ತಾಯ್ತು. ಟೆಂಪರೇಚರ್ ಸೆನ್ಸರ್ ಒಳಗೆ ಬಿಸಿ ಏರಿದಂತೆ ವಿದ್ಯುತ್ ತಡೆ ಇಳಿಯುತ್ತಾ ಹೋಗುವ ಒಂದು ಚೂರು ಇರುತ್ತದೆ. ಯಾವ ಬಿಸಿಗೆ ಎಷ್ಟು ಇಳಿಯಬೇಕು ಅನ್ನೋದು ಒಂದೊಂದು ಸೆನ್ಸರ್‌ಗೆ ಒಂದೊಂದು ಲೆಕ್ಕ, ಮೀಟರ್ ಆ ಲೆಕ್ಕಕ್ಕೇ ಮಾಡಿದ್ದಾಗಿರುತ್ತದೆ. ನಮ್ಮ ಜೀಪ್‌ನಲ್ಲಿ ಎಂಜಿನ್ ಜೊತೆ ಬಂದ ಡಿಐ ಸೆನ್ಸರ್ ಹಾಗೇ ಇತ್ತು, ಡ್ಯಾಶ್‌ಬೋರ್ಡ್‌ನಲ್ಲಿ ಹಳೇ ಜೀಪ್‌ನ ಮೀಟರ್. ಎರಡಕ್ಕೂ ಹೊಂದಾಣಿಕೆಯೇ ಇಲ್ಲ. ಜೊತೆಗೆ ಸೆನ್ಸರ್ ಸೋರಬಾರದು ಅಂತ ಅದರ ಮರೆಗೆ (ತಿರುಗಿಸಿ ಕೂರಿಸುವ ಥ್ರೆಡ್‌ಗೆ) ಪ್ಲಂಬಿಂಗ್‌ನ ಬಿಳಿ ಟೇಪ್ ದಪ್ಪಗೆ ಸುತ್ತಿದ್ದರು. ಒಂದೇ ವೈರ್ ಇರುವ ಸೆನ್ಸರ್‌ಗೆ ಅರ್ತ್, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ, ಸಿಗೋದೇ ಆ ಮರೆಯಿಂದ. ಟೇಪ್ ಅಡ್ಡ ಬಂದರೆ ಮುಳ್ಳು ಇನ್ನೂ ಕೆಳಗೆ ತೋರಿಸುತ್ತದೆ.

ಸೆನ್ಸರ್ ವೈರ್ ಕಿತ್ತು ಎಂಜಿನ್ ಬಾಡಿಗೆ ಒಂದು ಕ್ಷಣ ಮುಟ್ಟಿಸಿದರೆ ಮುಳ್ಳು ಪೂರ್ತಿ ಮೇಲೇರಬೇಕು, ಹಾಗಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಅದರಿಂದ ವೈರ್ ಮತ್ತು ಮೀಟರ್ ಸರಿ ಇದೆ ಅಂತ ಗೊತ್ತಾಗುತ್ತದೆ ಅಷ್ಟೇ. ಸೆನ್ಸರ್‌ಗೂ ಮೀಟರ್‌ಗೂ ಜೋಡಿ ಸರಿ ಇದೆಯಾ ಅನ್ನೋದು ಗೊತ್ತಾಗಲ್ಲ. ಅದಕ್ಕೆ ಸೆನ್ಸರ್ ಬಿಚ್ಚಿ, ವೈರ್ ಉದ್ದ ಮಾಡಿ, ಸೆನ್ಸರ್ ಬಾಡಿಗೆ ಬೇರೆ ಅರ್ತ್ ಕೊಟ್ಟು, ಬಿಸಿನೀರಿನಲ್ಲಿಟ್ಟು ಥರ್ಮಾಮೀಟರ್ ಜೊತೆ ಹೋಲಿಸಿ ನೋಡಬೇಕು. ಇನ್ನೊಂದು ವಿಷಯ, ನಮ್ಮ ಎತ್ತರದಲ್ಲಿ ನೀರು 100 ಡಿಗ್ರಿಗೆ ಅಲ್ಲ, 96-97ಕ್ಕೇ ಕುದಿಯುತ್ತದೆ. ರೇಡಿಯೇಟರ್ ಕ್ಯಾಪ್ ಪ್ರೆಶರ್ ಹಿಡಿಯದಿದ್ದರೆ ಘಟ್ಟದ ಮೇಲೆ ಬೇಗ ಕುದಿ ಬರುತ್ತದೆ, ಕ್ಯಾಪ್ ಕೂಡ ಹೊಸದು ಹಾಕಿಸಿ.

ಆದರೆ ನನಗೆ ನಿಜಕ್ಕೂ ಕೋಪ ಬಂದದ್ದು ಆಯಿಲ್ ದೀಪದ ವಿಷಯಕ್ಕೆ. ಗ್ಯಾಸ್ಕೆಟ್ ಕೆಲಸ ಆದ ಮೇಲೆ ಹಾಸನದಲ್ಲಿ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬಿಟ್ಟಿದ್ದೆವು. ಅವರು ಮೀಟರ್ ಪ್ಯಾನೆಲ್ ಹೊರಗೆಳೆದು ನನ್ನನ್ನು ಕರೆದು, "ಇಲ್ನೋಡಿ ಸಾರ್, ಎರಡು ದೀಪಕ್ಕೂ ಒಂದೇ ವೈರು" ಅಂದರು. ಆಯಿಲ್ ಪ್ರೆಶರ್ ದೀಪದ ವೈರನ್ನು ಬ್ಯಾಟರಿ ಚಾರ್ಜಿಂಗ್ ದೀಪದ ವೈರ್‌ಗೆ ತಿರುಚಿ ಟೇಪ್ ಸುತ್ತಿದ್ದರು. ಅಂದರೆ ಕೀ ಹಾಕಿದರೆ ಎರಡೂ ಹತ್ತುತ್ತವೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೆಲಸ ಶುರು ಮಾಡಿದ ತಕ್ಷಣ ಎರಡೂ ಆರುತ್ತವೆ. ಎಂಜಿನ್‌ನಲ್ಲಿ ಒಂದು ಹನಿ ಆಯಿಲ್ ಇಲ್ಲದಿದ್ದರೂ ಆ ದೀಪ ಹತ್ತಲ್ಲ. ಕೆಳಗೆ ಎಂಜಿನ್‌ನಲ್ಲಿ ಆಯಿಲ್ ಪ್ರೆಶರ್ ಇಲ್ಲದಾಗ ದೀಪ ಹತ್ತಿಸಬೇಕಾದ ಆಯಿಲ್ ಸ್ವಿಚ್ ಮೇಲೆ ವೈರೇ ಇರಲಿಲ್ಲ, ಮೇಲೆ ಧೂಳು ಕೂತಿತ್ತು. ಇದು ಗೊತ್ತಿಲ್ಲದೆ ಆದದ್ದಲ್ಲ. ವೈರ್ ತುಂಡಾಗಿ ಬಿಟ್ಟಿದ್ದರೆ ದೀಪ ಹತ್ತುತ್ತಲೇ ಇರಲಿಲ್ಲ, ತಗೊಳ್ಳುವವರಿಗೆ ಅನುಮಾನ ಬರುತ್ತಿತ್ತು. ಅನುಮಾನ ಬರಬಾರದು ಅಂತಲೇ ಕೂತು ಮಾಡಿದ ಕೆಲಸ ಇದು.

ಇದನ್ನು ಹಿಡಿಯೋದು ಸುಲಭ. ಎಂಜಿನ್ ಆಫ್ ಇರಲಿ, ಕೀ ಆನ್ ಮಾಡಿ, ಆಯಿಲ್ ಸ್ವಿಚ್‌ನ ವೈರ್ ಕೀಳಿ. ಆಯಿಲ್ ದೀಪ ಆರಬೇಕು, ಬ್ಯಾಟರಿ ದೀಪ ಹತ್ತಿಯೇ ಇರಬೇಕು. ವೈರ್ ಕಿತ್ತರೂ ಆಯಿಲ್ ದೀಪ ಉರಿಯುತ್ತಿದ್ದರೆ ಅದು ಬೇರೆಲ್ಲಿಂದಲೋ ಅರ್ತ್ ತಗೊಳ್ಳುತ್ತಿದೆ. ಮಾರುವವರು ಇದಕ್ಕೆ ಬಿಡಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.

ವೈರಿಂಗ್ ಬಗ್ಗೆ ಹೇಳಬೇಕಂದ್ರೆ, ಅರ್ಧಕ್ಕರ್ಧ ಮನೆಗೆ ಹಾಕೋ ವೈರ್. ಒಂದು ವೈರ್ ಹಸಿರಾಗಿ ಶುರುವಾಗಿ ಟೇಪ್ ಒಳಗೆ ಕೆಂಪಾಗಿ ಇನ್ನೊಂದು ಕಡೆ ಕಪ್ಪಾಗಿ ಹೊರಗೆ ಬರುತ್ತಿತ್ತು. ಎಂಜಿನ್ ಬಿಸಿಗೆ ಟೇಪ್‌ನ ಅಂಟು ಕರಗಿ ಕೈಗೆ ಮೆತ್ತಿಕೊಳ್ಳುತ್ತಿತ್ತು. ಇದಕ್ಕಿಂತ ಅಪಾಯದ್ದು ಹಳೇ ಎಂಜಿನ್‌ನ ಉಳಿಕೆ ವೈರ್. ಪ್ಯೂಜೋಗೆ ಸ್ಟಾರ್ಟ್ ಮಾಡುವ ಮುಂಚೆ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ಬೇಕು, ಅದಕ್ಕೆ ಬ್ಯಾಟರಿಯಿಂದ ದಪ್ಪ ವೈರ್ ಬರುತ್ತದೆ. ಡಿಐ ಎಂಜಿನ್‌ಗೆ ಅದರ ಕೆಲಸ ಇಲ್ಲ. ಎಂಜಿನ್ ಬದಲಿಸಿದವರು ಆ ವೈರನ್ನು ಬ್ಯಾಟರಿಯಿಂದ ಕೀಳದೆ ತುದಿಗೆ ಟೇಪ್ ಸುತ್ತಿ ಬಾನೆಟ್ ಒಳಗೆ ಹಿಂದುಗಡೆ ತುರುಕಿದ್ದರು. ಫ್ಯೂಸ್ ಇಲ್ಲ, ಯಾವಾಗಲೂ ಕರೆಂಟ್ ಇರುವ ವೈರ್. ಟೇಪ್ ಸವೆದು ತಾಮ್ರ ಕಾಣುತ್ತಿತ್ತು, ಪಕ್ಕದಲ್ಲೇ ಡೀಸೆಲ್ ಪೈಪ್. ಯಾವ ಎಂಜಿನ್ ಬದಲಿಸಿದ ಗಾಡಿಯಲ್ಲಾದರೂ ಸರಿ, ಯಾವುದಕ್ಕೂ ಸೇರದೆ ನೇತಾಡುವ ವೈರ್ ಕಂಡರೆ ಅದು ಎಲ್ಲಿಂದ ಬರುತ್ತಿದೆ ಅಂತ ಕೊನೆವರೆಗೂ ಹುಡುಕಿಸಿ.

ಅರ್ತ್ ಕಥೆ ಇನ್ನೊಂದು. ಎಂಜಿನ್ ಕೂರುವುದು ರಬ್ಬರ್ ಮೌಂಟಿಂಗ್ ಮೇಲೆ. ಅದಕ್ಕೇ ಎಂಜಿನ್‌ನಿಂದ ಚಾಸಿಗೆ ಒಂದು ದಪ್ಪ ಅರ್ತ್ ಪಟ್ಟಿ ಇರಲೇಬೇಕು. ನಮ್ಮದರಲ್ಲಿ ಎಂಜಿನ್ ಇಳಿಸಿದಾಗ ಬಿಚ್ಚಿದ್ದನ್ನು ಮತ್ತೆ ಹಾಕಿರಲಿಲ್ಲ. ಸೆಲ್ಫ್ ಹೊಡೆದಾಗ ಅಷ್ಟು ಕರೆಂಟ್ ಯಾವುದಾದರೂ ದಾರಿ ಹುಡುಕಬೇಕಲ್ವಾ? ಅದು ಎಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ಕೇಬಲ್ ಮೂಲಕ ಹೋಗುತ್ತಿತ್ತು. ಬೆಳಿಗ್ಗೆ ಚಳಿಯಲ್ಲಿ ಸೆಲ್ಫ್ ಸ್ವಲ್ಪ ಜಾಸ್ತಿ ಹೊಡೆದರೆ ಆ ಕೇಬಲ್ ಮುಟ್ಟಲಾಗದಷ್ಟು ಬಿಸಿ, ಮೇಲಿನ ಪ್ಲಾಸ್ಟಿಕ್ ಅಲ್ಲಲ್ಲಿ ಉಬ್ಬಿ ಕರಗಿತ್ತು. ಹೆಡ್‌ಲೈಟ್ ಹಾಕಿದರೆ ಮೀಟರ್ ಮುಳ್ಳುಗಳು ಅಲ್ಲಾಡುತ್ತಿದ್ದದ್ದಕ್ಕೂ ಅರ್ತ್ ಸರಿ ಇಲ್ಲದ್ದೇ ಕಾರಣ. ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ ಇಟ್ಟು ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್ ಸರಿ ಇಲ್ಲ. ಹಾಗೇ ಬ್ಯಾಟರಿ ವೋಲ್ಟೇಜ್ ಕೂಡ ನೋಡಿಬಿಡಿ, ಎಂಜಿನ್ ಓಡುವಾಗ 13.8ರಿಂದ 14.4ರ ಒಳಗೆ ಇರಬೇಕು.

ಡ್ಯಾಶ್‌ಬೋರ್ಡ್‌ನಲ್ಲಿ 30ರವರೆಗಿನ ಹಳೇ ಆಂಪಿಯರ್ ಮೀಟರ್ ಇದ್ದರೆ ತೆಗೆಸಿಬಿಡಿ. ಗಾಡಿಯ ಚಾರ್ಜಿಂಗ್ ಕರೆಂಟ್ ಅದರ ಹಿಂದಿನ ಎರಡು ನಟ್ ಮೂಲಕವೇ ಹೋಗುತ್ತದೆ. ಹೊಸ ಎಂಜಿನ್ ಜೊತೆ ಬರುವ ದೊಡ್ಡ ಆಲ್ಟರ್ನೇಟರ್‌ಗೆ ಅದು ತಡೆಯಲ್ಲ, ನಟ್ ಸಡಿಲವಾದರೆ ಅಲ್ಲೇ ಸುಡುತ್ತದೆ. ಬದಲಿಗೆ ವೋಲ್ಟ್ ಮೀಟರ್ ಸಾಕು. ನಾವು ಕೊನೆಗೆ ಪೂರ್ತಿ ವೈರಿಂಗ್ ಕಿತ್ತು ಹೊಸದು ಹಾಕಿಸಿದೆವು. ಬ್ಯಾಟರಿ ಪಕ್ಕದಲ್ಲೇ ಮೇನ್ ಫ್ಯೂಸ್, ಹೆಡ್‌ಲೈಟ್‌ಗೆ ರಿಲೇ, ಸೆನ್ಸರ್ ಮತ್ತು ಮೀಟರ್ ಒಂದೇ ಜೋಡಿ. ತೇಪೆ ಹಾಕಿಸಿದರೆ ಕಡಿಮೆ ಖರ್ಚು ಅನ್ನಿಸುತ್ತದೆ, ಆದರೆ ಇಂಥ ವೈರಿಂಗ್‌ನಲ್ಲಿ ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಬಿಡುತ್ತದೆ.

ಕಾಗದದ ವಿಷಯ ಮರೆಯಬೇಡಿ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಜೊತೆ ಸಿಸಿ ಕೂಡ ಇರುತ್ತದೆ. ನಮಗೆ ಮಾರಿದವರು "ಆರ್‌ಟಿಒದಲ್ಲಿ ಅರ್ಜಿ ಹಾಕಿದೆ, ಎಂಟ್ರಿ ಬರುತ್ತೆ" ಅಂದಿದ್ದರು, ಅರ್ಜಿಯೇ ಹಾಕಿರಲಿಲ್ಲ. ಆರ್‌ಸಿಯಲ್ಲಿ ಇವತ್ತಿಗೂ 2112 ಅಂತಲೇ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಎಂಜಿನ್ ಬದಲಿಸುವುದಿದ್ದರೆ ಮುಂಚೆಯೇ ಅನುಮತಿ ಬೇಕು. ಅಪಘಾತವೋ ಬೆಂಕಿಯೋ ಆದರೆ ಇನ್ಶೂರೆನ್ಸ್‌ನವರು ಮೊದಲು ನೋಡೋದು ಈ ನಂಬರನ್ನೇ. ಅದಕ್ಕೆ "ಎಂಟ್ರಿ ಬರುತ್ತೆ" ಅನ್ನೋ ಮಾತಿಗೆ ಅಡ್ವಾನ್ಸ್ ಕೊಡಬೇಡಿ, ಚಿಕ್ಕಮಗಳೂರಿನ ಕೆಎ-18 ಆಗಲಿ ಸಕಲೇಶಪುರದ ಕೆಎ-46 ಆಗಲಿ, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಕಣ್ಣಾರೆ ಕಂಡ ಮೇಲೆ ಕೊಡಿ. ನಮ್ಮ ಜೀಪ್‌ನ ಈ ಕೆಲಸ ಇನ್ನೂ ಮುಗಿದಿಲ್ಲ, ಅದು ಮುಗಿಯುವವರೆಗೆ ತೋಟದೊಳಗೆ ಬಿಟ್ಟರೆ ರಸ್ತೆಗೆ ಇಳಿಸುತ್ತಿಲ್ಲ.