ಮುಟ್ಟಬಾರದ ಪಿಂಕ್ ಟವರ್

ಬೆಂಗಳೂರಿನ ಬನಶಂಕರಿ, ಕತ್ರಿಗುಪ್ಪೆ ಕಡೆ ಮಗುವಿಗೆ ಮಾಂಟೆಸ್ಸರಿ ಪ್ರಿಸ್ಕೂಲ್ ಹುಡುಕುತ್ತಿರುವವರು ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. ಶಾಲೆಯ ಹೆಸರು ಬರೆಯುತ್ತಿಲ್ಲ. ನಮಗಾದದ್ದು ಯಾವ ಬಡಾವಣೆಯಲ್ಲೂ ಆಗಬಹುದು.

ಜನವರಿಯಲ್ಲಿ ನೋಡಲು ಹೋದಾಗ ನನಗೂ ನನ್ನ ಗಂಡನಿಗೂ ತುಂಬಾ ಹಿಡಿಸಿತ್ತು. ಹಳೇ ಮನೆಯೊಂದನ್ನು ಶಾಲೆ ಮಾಡಿದ್ದರು, ಅಂಗಳದಲ್ಲಿ ಸಂಪಿಗೆ ಮರ, ಇಪ್ಪತ್ತು ಚಿಲ್ಲರೆ ಮಕ್ಕಳು ಅಷ್ಟೇ. 'ನಾವು ತುರುಕಲ್ಲ ಮೇಡಂ, ಮಗು ತನಗೆ ಬೇಕಾದ್ದನ್ನ ತಾನೇ ಆರಿಸ್ಕೊಳ್ಳುತ್ತೆ' ಅಂದರು ಮುಖ್ಯಸ್ಥೆ. ಮಗಳು ನೆಲದ ಮೇಲೆ ಕೂತು ಮಾಂಟೆಸ್ಸರಿ ಸಾಮಾನುಗಳಲ್ಲೊಂದಾದ ಪಿಂಕ್ ಟವರ್ ಕಟ್ಟಿದಳು. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರ್‌ವರೆಗಿನ ಹತ್ತು ಮರದ ಘನಗಳು, ದೊಡ್ಡದರ ಮೇಲೆ ಚಿಕ್ಕದು. ಬೀಳಿಸಿದಳು, ಮತ್ತೆ ಕಟ್ಟಿದಳು, ಯಾರೂ ಅಡ್ಡ ಬರಲಿಲ್ಲ. ಅವತ್ತು ಸಂಜೆಯೇ ವರ್ಷದ ಫೀಸು 92,000 ರೂಪಾಯಿ ಕಟ್ಟಿದೆವು.

ಆಗಸ್ಟಿನಲ್ಲಿ ಒಂದು ರಾತ್ರಿ ಊಟಕ್ಕೆ ಕೂತ ಮಗಳು ಬಾಯಿ ಮೇಲೆ ಬೆರಳಿಟ್ಟುಕೊಂಡಳು. ತೆಗಿ ಅಂದರೆ ತೆಗೆಯಲಿಲ್ಲ. 'ಹೀಗೆ ಕೂತ್ರೆ ಮಿಸ್ ಸ್ಟಾರ್ ಕೊಡ್ತಾರೆ.' ಆಮೇಲೆ ಬ್ಯಾಗಿನಲ್ಲಿ ಚುಕ್ಕಿ ಗೆರೆ ತಿದ್ದುವ ಪುಸ್ತಕ ಬಂತು, ದಿನಕ್ಕೆ ಎರಡು ಪುಟ. ಅವಳಿಗಾಗ ಮೂರು ವರ್ಷ ಎರಡು ತಿಂಗಳು. ಪೆನ್ಸಿಲ್ ಹಿಡಿದು ಬೆರಳು ನೋಯುತ್ತೆ ಅಂತ ಅಳುತ್ತಿದ್ದಳು. ಮಾಂಟೆಸ್ಸರಿ ಪದ್ಧತಿಯಲ್ಲಿ ಪೆನ್ಸಿಲಿಗಿಂತ ಮೊದಲು ಮರಳು ಕಾಗದದ ಅಕ್ಷರದ ಮೇಲೆ ಬೆರಳಾಡಿಸುತ್ತಾರೆ. ಆ ಪೆಟ್ಟಿಗೆಯನ್ನು ಜನವರಿಯಲ್ಲಿ ನಮಗೇ ತೆಗೆದು ತೋರಿಸಿದ್ದರು. ಇಷ್ಟಾದರೂ ನಾನು ಸುಮ್ಮನಿದ್ದೆ. ಆ ತಪ್ಪು ನನ್ನದೇ.

ಗಾಂಧಿ ಬಜಾರಿನ ಆಟಿಕೆ ಅಂಗಡಿಯಲ್ಲಿ ಅಂಥದ್ದೇ ಗುಲಾಬಿ ಟವರ್ ಕಂಡಾಗ ಮಗಳು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು. 'ಮುಟ್ಟಬಾರದು ಅಮ್ಮ, ಅದು ನೋಡೋಕೆ.'

ಮಾರನೇ ದಿನ ಹನ್ನೊಂದು ಗಂಟೆಗೆ ಸ್ವೆಟರ್ ಕೊಡುವ ನೆಪದಲ್ಲಿ ಹೇಳದೇ ಹೋದೆ. ಕಪಾಟಿನ ಮೇಲೆ ಬೆಡ್‌ಶೀಟ್ ಹೊದಿಸಿತ್ತು. ಎಲ್ಲ ಮಕ್ಕಳೂ ಸಾಲಾಗಿ ಕೂತು ಒಂದೇ ಪುಟ ತಿದ್ದುತ್ತಿದ್ದರು, ನೋಡಿಕೊಳ್ಳಲು ಆಯಮ್ಮ ಒಬ್ಬರೇ. ತರಬೇತಾದ ಟೀಚರ್ ಜುಲೈನಲ್ಲೇ ಬಿಟ್ಟು ಹೋಗಿದ್ದರು, ನಮಗೆ ಯಾರೂ ಹೇಳಿರಲಿಲ್ಲ. ಆಯಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಒಬ್ಬರೇ ಎಷ್ಟು ಮಕ್ಕಳನ್ನು ನೋಡಿಯಾರು?

ಮುಖ್ಯಸ್ಥೆ ಹೇಳಿದ್ದು: 'ಪೇರೆಂಟ್ಸೇ ಎಬಿಸಿಡಿ ಬರಲ್ಲ ಅಂತಾರೆ ಮೇಡಂ. ದೊಡ್ಡ ಸ್ಕೂಲ್ ಇಂಟರ್‌ವ್ಯೂಗೆ ರೆಡಿ ಮಾಡ್ಬೇಕಲ್ಲ.' ಒಂದನೇ ತರಗತಿಯ ಪ್ರವೇಶಕ್ಕೆ ಮಕ್ಕಳನ್ನು ಹೀಗೆ ಪರೀಕ್ಷಿಸಿ ಆರಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ವಯಸ್ಸಿಗೆ ಆಟದ ಮೂಲಕ ಕಲಿಕೆ ಅನ್ನುತ್ತದೆ. ಆದರೂ ಅಪ್ಪ ಅಮ್ಮಂದಿರು ಹಾಗೆ ಕೇಳುತ್ತಿರುವುದು ಸುಳ್ಳಲ್ಲ. ಫೀಸು ವಾಪಸ್ ಕೇಳಿದ್ದಕ್ಕೆ ರಸೀದಿಯ ಹಿಂದಿದ್ದ ಇರುವೆ ಗಾತ್ರದ ಅಕ್ಷರ ತೋರಿಸಿದರು. ಒಂದು ರೂಪಾಯಿಯೂ ಬರಲಿಲ್ಲ.

ಈ ಪದ್ಧತಿ ಹುಟ್ಟುಹಾಕಿದ ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿಗೇ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟವರು. ಆ ಹೆಸರು ಬೋರ್ಡಿನ ಮೇಲಿದೆ ಅಂತ ನಂಬಬೇಡಿ, ಯಾರು ಬೇಕಾದರೂ ಬರೆಸುತ್ತಾರೆ. ಟೀಚರ್ ಎಲ್ಲಿ ತರಬೇತಿ ಪಡೆದರು, ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಅಂತ ಅವರನ್ನೇ ಕೇಳಿ. ಓಪನ್ ಡೇ ಬಿಟ್ಟು ಮಾಮೂಲಿ ದಿನ, ತರಗತಿ ನಡೆಯುವಾಗ ಅರ್ಧ ಗಂಟೆ ಮೂಲೆಯಲ್ಲಿ ಕೂರಲು ಅವಕಾಶ ಕೇಳಿ. ಕಪಾಟಿನ ಸಾಮಾನು ಕೈಯಲ್ಲಿ ಹಿಡಿದು ನೋಡಿ: ಮಕ್ಕಳು ದಿನಾ ಬಳಸುವ ಘನದ ಅಂಚಿನಲ್ಲಿ ಬಣ್ಣ ಸವೆದಿರುತ್ತದೆ. ನಾವು ನೋಡಿದ ಟವರ್ ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು, ಅದನ್ನು ಕಂಡು ನಾನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂದುಕೊಂಡಿದ್ದೆ.